ಸರ್ವರ್ ಹಾರ್ಡ್‌ವೇರ್ ಪರೀಕ್ಷೆ: ಮುಂಬೈಯ ಮೂರು ಜಾಗಗಳಲ್ಲಿ ಬಳಸಿ ನೋಡಿದ ಕಮಾಂಡ್‌ಗಳು

ಲಿನಕ್ಸ್ ಸರ್ವರ್‌ನ ಹಾರ್ಡ್‌ವೇರ್ ಹೇಗಿದೆ ಅಂತ ನೋಡುವ ಟೂಲ್‌ಗಳನ್ನು ನಾನು ಎರಡು ಪಾಲು ಮಾಡಿಕೊಂಡಿದ್ದೇನೆ. ಕಮಾಂಡ್ ಹೊಡೆದ ಕ್ಷಣದ ಸ್ಥಿತಿ ಮಾತ್ರ ಹೇಳುವವು ಒಂದು ಪಾಲು. ನಾವು ನೋಡದೇ ಇದ್ದಾಗ ನಡೆದದ್ದನ್ನೂ ಬರೆದಿಟ್ಟುಕೊಳ್ಳುವವು ಇನ್ನೊಂದು ಪಾಲು. ಮೊದಲನೆಯವು ನೋಡಲು ಚಂದ. ಕೆಲಸಕ್ಕೆ ಬಂದದ್ದು ಜಾಸ್ತಿ ಎರಡನೆಯವು. ಕೆಳಗಿನ ಹೋಲಿಕೆ ಪೂರ್ತಿ ಈ ಒಂದು ಅಳತೆಯ ಮೇಲೆ ನಿಂತಿದೆ. ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ ಕೇಳುತ್ತೇನೆ: ಯಾವ ಭಾಗ ಬಿಚ್ಚಬೇಕು ಅಂತ ಅದು ಹೇಳುತ್ತದಾ?

ನಾನು ನೋಡಿಕೊಳ್ಳುವ ಮಷಿನ್‌ಗಳು ಮೂರು ಥರದ ಜಾಗಗಳಲ್ಲಿವೆ. ಒಂದು ಫೋರ್ಟ್‌ನ ಹಳೇ ಕಟ್ಟಡದಲ್ಲಿ, ಕ್ಲಿಯರಿಂಗ್ ಏಜೆಂಟ್ ಆಫೀಸಿನ ಫೈಲು ರೂಮಿನಲ್ಲಿ. ಒಳ್ಳೆಯ ರ್‍ಯಾಕ್ ಸರ್ವರ್, ಆದರೆ ಅದನ್ನು ತಂಪಾಗಿಡಲು ಇರುವುದು ಒಂದೇ ಸ್ಪ್ಲಿಟ್ ಎಸಿ. ಎರಡನೆಯದು ವಸಾಯಿ ಪೂರ್ವದ ಕಾರ್ಖಾನೆಯಲ್ಲಿ. ಸರ್ವರ್ ಅಂತ ಹೆಸರು, ಒಳಗಿರುವುದು ಡೆಸ್ಕ್‌ಟಾಪ್ ಮದರ್‌ಬೋರ್ಡ್. ಮೂರನೆಯದು ಐರೋಲಿಯ ಡೇಟಾ ಸೆಂಟರಿನಲ್ಲಿ ಬಾಡಿಗೆ ರ್‍ಯಾಕ್. ಒಂದೇ ಕಮಾಂಡ್ ಈ ಮೂರು ಕಡೆ ಮೂರು ಥರ ಮಾತಾಡುತ್ತದೆ. ಹಾಗಾಗಿ ಯಾರಾದರೂ "ಇದೊಂದು ಹಾಕ್ಕೊಳ್ಳಿ, ಸಾಕು" ಅಂದರೆ ನಾನು ಮೊದಲು ಕೇಳುವುದು, ಮಷಿನ್ ಯಾವುದು ಅಂತ.

ಬಿಸಿ ಮತ್ತು ಫ್ಯಾನ್: ಸೆನ್ಸರ್ಸ್ ಎದುರು ಐಪಿಎಂಐ ಟೂಲ್

ಎಲ್‌ಎಂ-ಸೆನ್ಸರ್ಸ್ ಹಾಕುವುದು ಸುಲಭ. ಪ್ಯಾಕೇಜ್ ಇಳಿಸಿ, 'ಸೆನ್ಸರ್ಸ್-ಡಿಟೆಕ್ಟ್' ಓಡಿಸಿ, ಕೇಳಿದ್ದಕ್ಕೆಲ್ಲ ಎಂಟರ್ ಒತ್ತುತ್ತಾ ಹೋಗಿ. ಆಮೇಲೆ 'ಸೆನ್ಸರ್ಸ್' ಅಂದರೆ ಪ್ರೊಸೆಸರಿನ ಪ್ರತಿ ಕೋರ್‌ನ ಬಿಸಿ ಸಾಲಾಗಿ ಬರುತ್ತದೆ. ಅದಕ್ಕೆ ರೂಟ್ (ಅಡ್ಮಿನ್ ಅಧಿಕಾರ) ಕೂಡ ಬೇಡ.

ಫೋರ್ಟ್‌ನ ಮಷಿನ್‌ನಲ್ಲಿ ಅದರ ಆಟ ಅಲ್ಲಿಗೇ ಮುಗಿಯಿತು. ಕೋರ್‌ಗಳ ಬಿಸಿ ಬಂತು, ಫ್ಯಾನ್ ಒಂದೂ ಕಾಣಲಿಲ್ಲ. ಇಂಥ ಸರ್ವರ್‌ಗಳಲ್ಲಿ ಫ್ಯಾನ್, ಪವರ್ ಸಪ್ಲೈ, ಒಳಗೆ ಬರುವ ಗಾಳಿಯ ಬಿಸಿ ಎಲ್ಲವೂ ಬಿಎಂಸಿ ಎನ್ನುವ ಬೇರೆಯೇ ಚಿಪ್‌ನ ಕೈಯಲ್ಲಿರುತ್ತವೆ. ಅದರ ಜೊತೆ ಮಾತಾಡುವ ರೀತಿಗೆ ಐಪಿಎಂಐ ಅಂತ ಹೆಸರು. ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿಕೊಂಡು 1998ರಲ್ಲಿ ತಂದದ್ದು. 2.0 ಆವೃತ್ತಿ 2004ರಲ್ಲಿ ಬಂತು. 'ಐಪಿಎಂಐ ಟೂಲ್ ಎಸ್‌ಡಿಆರ್ ಇಲಿಸ್ಟ್' ಅಂತ ಹೊಡೆದರೆ ಪ್ರತಿ ಫ್ಯಾನಿನ ವೇಗ, ಪ್ರತಿ ಪವರ್ ಸಪ್ಲೈ, ಜೊತೆಗೆ ಇನ್‌ಲೆಟ್ ಟೆಂಪರೇಚರ್ ಬರುತ್ತದೆ.

ಈ ಇನ್‌ಲೆಟ್ ಅಂಕೆಗೋಸ್ಕರವೇ ನಾನು ಐಪಿಎಂಐ ಟೂಲ್ ಪಕ್ಷ. ಪ್ರೊಸೆಸರಿನ ಬಿಸಿ ಕೆಲಸದ ಹೊರೆಗೆ ತಕ್ಕಂತೆ ಏರಿಳಿಯುತ್ತದೆ. 70 ಡಿಗ್ರಿ ಕಂಡರೆ ಎಸಿ ಕೈಕೊಟ್ಟಿದೆಯಾ, ಅಥವಾ ಯಾರೋ ದೊಡ್ಡ ರಿಪೋರ್ಟ್ ಓಡಿಸಿದ್ದಾರಾ ಅಂತ ಹೇಳಲು ಬರುವುದಿಲ್ಲ. ಭಾನುವಾರ ಮಷಿನ್ ಸುಮ್ನೆ ಕೂತಿದ್ದರೆ ರೂಮು ಬೇಯುತ್ತಿದ್ದರೂ ಕೋರ್‌ಗಳು ತಣ್ಣಗೇ ಕಾಣುತ್ತವೆ. ಇನ್‌ಲೆಟ್ ಹಾಗಲ್ಲ. ಅದು ರೂಮಿನ ಗಾಳಿಯನ್ನೇ ಅಳೆಯುತ್ತದೆ. ಡೇಟಾ ಸೆಂಟರ್‌ಗಳಿಗೆ ಆಶ್ರೇ (ಹವಾನಿಯಂತ್ರಣ ಎಂಜಿನಿಯರ್‌ಗಳ) ಸಂಸ್ಥೆ ಸೂಚಿಸುವುದು 18ರಿಂದ 27 ಡಿಗ್ರಿ. ಐರೋಲಿಯಲ್ಲಿ ಅಂಕೆ ಆ ಗೆರೆಯೊಳಗೇ ಇರುತ್ತದೆ. ಫೋರ್ಟ್‌ನಲ್ಲಿ ಮೇ ತಿಂಗಳಲ್ಲಿ ಆ ಮಾತು ಆಡುವ ಹಾಗಿಲ್ಲ.

ಅದಕ್ಕಿಂತ ದೊಡ್ಡದು ಎಸ್‌ಇಎಲ್, ಅಂದರೆ ಬಿಎಂಸಿ ತಾನೇ ಬರೆದುಕೊಳ್ಳುವ ಲಾಗ್. 'ಐಪಿಎಂಐ ಟೂಲ್ ಎಸ್‌ಇಎಲ್ ಇಲಿಸ್ಟ್' ಅಂದರೆ ಸಾಕು. ಫೋರ್ಟ್‌ನಲ್ಲಿ ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಎಸಿ ಓಡುತ್ತಿರುತ್ತದೆ, ಎಲ್ಲ ಅಂಕೆಯೂ ಸರಿ ಇರುತ್ತದೆ, ಸೆನ್ಸರ್ಸ್ ಹಸಿರು. ಎಸ್‌ಇಎಲ್ ತೆಗೆದರೆ ಭಾನುವಾರ ಮಧ್ಯಾಹ್ನ ಇನ್‌ಲೆಟ್ ಮೇಲಿನ ಮಿತಿ ದಾಟಿದ ಸಾಲು, ಸಂಜೆ ಮತ್ತೆ ಇಳಿದ ಸಾಲು. ರಜೆ ದಿನ ಎಸಿ ಯಾರೋ ಆರಿಸುತ್ತಿದ್ದಾರೆ ಅಂತ ಹೇಳಲು ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆಫೀಸಿನ ಮ್ಯಾನೇಜರ್ ಆ ಪ್ರಿಂಟನ್ನು ತೆಗೆದುಕೊಂಡು ಹೋಗಿ ಕಟ್ಟಡದವರ ಮುಂದೆ ಇಟ್ಟರು.

ಒಂದು ಎಚ್ಚರಿಕೆ. ಬಿಎಂಸಿಯ ಗಡಿಯಾರ ಬೇರೆ. ಎಷ್ಟೋ ಮಷಿನ್‌ಗಳಲ್ಲಿ ಅದು ಯುಟಿಸಿಯಲ್ಲಿರುತ್ತದೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಮಧ್ಯಾಹ್ನದ ಘಟನೆ ಬೆಳಿಗ್ಗೆಯದರ ಹಾಗೆ ಕಾಣುತ್ತದೆ. 'ಎಸ್‌ಇಎಲ್ ಟೈಮ್ ಗೆಟ್' ಹೊಡೆದು ಮೊದಲು ತಾಳೆ ನೋಡಿ. ಇನ್ನೊಂದು, ಎಸ್‌ಇಎಲ್‌ನ ಜಾಗ ಚಿಕ್ಕದು. ತುಂಬಿದ ಮೇಲೆ ಕೆಲವು ಮಷಿನ್‌ಗಳು ಹೊಸದನ್ನು ಬರೆಯುವುದನ್ನೇ ನಿಲ್ಲಿಸುತ್ತವೆ. ಆಗಾಗ ಫೈಲಿಗೆ ಸೇವ್ ಮಾಡಿ, ಆಮೇಲೆ ಕ್ಲಿಯರ್ ಮಾಡಬೇಕು.

ಲೋಕಲ್ ಟ್ರೇನ್ ನಂಬಿ ಬದುಕುವವರಿಗೆ ಇನ್ನೊಂದು ಲಾಭ ಇದೆ. ಭಾನುವಾರ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಟ್ರೇನ್ ನಿಲ್ಲಿಸುವುದು) ಇದ್ದರೆ ಡೊಂಬಿವಲಿಯಿಂದ ಫೋರ್ಟ್ ತಲುಪುವುದೇ ಒಂದು ಕೆಲಸ. ಬಿಎಂಸಿಗೆ ಆಪರೇಟಿಂಗ್ ಸಿಸ್ಟಮ್ ಬೇಡ, ಗೋಡೆಯ ಕರೆಂಟ್ ಇದ್ದರೆ ಸಾಕು. ಮನೆಯಿಂದ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಗುಪ್ತ ದಾರಿ) ಹಾಕಿ, 'ಲ್ಯಾನ್‌ಪ್ಲಸ್' (ನೆಟ್‌ವರ್ಕ್ ಮೇಲೆ ಐಪಿಎಂಐ ಮಾತಾಡುವ ಬಗೆ) ಮೂಲಕ ಐಪಿಎಂಐ ಟೂಲ್ ಕರೆದರೆ, ಮಷಿನ್ ಹ್ಯಾಂಗ್ ಆಗಿದ್ದರೂ ಉತ್ತರ ಬರುತ್ತದೆ. ವಿಪಿಎನ್ ಇಲ್ಲದೆ ಮಾತ್ರ ಮಾಡಬೇಡಿ. ಐಪಿಎಂಐ 2.0ರ ರಚನೆಯೇ ಹೇಗಿದೆ ಅಂದರೆ, ಲಾಗಿನ್ ಆಗುವ ಮೊದಲೇ ಪಾಸ್‌ವರ್ಡ್‌ನ ಹ್ಯಾಶ್ (ಊಹಿಸಿದ ಪಾಸ್‌ವರ್ಡ್ ತಾಳೆ ನೋಡಲು ಸಾಕಾಗುವ ಗುರುತು) ಹೊರಗೆ ಕೊಡುತ್ತದೆ. 623ನೇ ಯುಡಿಪಿ ಪೋರ್ಟ್ ಇಂಟರ್‌ನೆಟ್‌ಗೆ ತೆರೆದಿಟ್ಟರೆ ಕೀಲಿಕೈ ಕೊಟ್ಟ ಹಾಗೇ.

ಇಷ್ಟೆಲ್ಲ ಹೊಗಳಿದ ಮೇಲೆ ವಸಾಯಿಗೆ ಬನ್ನಿ. ಅಲ್ಲಿ ಐಪಿಎಂಐ ಟೂಲ್ 'ಡಿವೈಸ್ ತೆರೆಯಲು ಆಗಲಿಲ್ಲ' ಅಂತ ಒಂದು ಸಾಲು ಹೇಳಿ ಸುಮ್ಮನಾಗುತ್ತದೆ. ಆ ಬೋರ್ಡಿನಲ್ಲಿ ಬಿಎಂಸಿಯೇ ಇಲ್ಲ. ಅಲ್ಲಿ ಸೆನ್ಸರ್ಸ್ ಒಂದೇ ಗತಿ, ಮತ್ತು ಅದು ಫ್ಯಾನನ್ನೂ ತೋರಿಸುತ್ತದೆ. ಆದರೆ ಬಂದ ಅಂಕೆಗಳನ್ನೆಲ್ಲ ನಂಬಬೇಡಿ. ಏನೂ ಜೋಡಿಸದ ಸೆನ್ಸರ್ ತುದಿಗಳು 127 ಡಿಗ್ರಿ ಅಂತಲೋ, ಸೊನ್ನೆಗಿಂತ ಕೆಳಗಿನ ಅಂಕೆಯನ್ನೋ ಕೊಡುತ್ತವೆ. ಫ್ಯಾನ್ ಹಾಕದ ಹೆಡರ್ (ಬೋರ್ಡಿನಲ್ಲಿ ಫ್ಯಾನ್ ಚುಚ್ಚುವ ಜಾಗ) 0 ಆರ್‌ಪಿಎಂ ಅಲಾರಂ ಅನ್ನುತ್ತದೆ. ನನ್ನ ಜೊತೆ ಕೆಲಸ ಮಾಡುವ ಕಾರ್ಕಳದ ಹುಡುಗ ಮೊದಲ ಸಲ ನೋಡಿದಾಗ ಫೋನ್ ಮಾಡಿದ್ದ: "ಅಣ್ಣಾ, ಬೋರ್ಡ್ ಹೊತ್ತಿ ಉರೀತಾ ಉಂಟು!" ಕೈಯಿಟ್ಟು ನೋಡು ಮಾರಾಯ ಅಂದೆ. ತಣ್ಣಗೇ ಇತ್ತು.

ಸೆನ್ಸರ್ಸ್‌ಗೆ ನೆನಪಿಲ್ಲ, ನಾವೇ ಕೊಡಬೇಕು. 'ಸೆನ್ಸರ್ಸ್ -ಜೆ' ಅಂದರೆ ಪ್ರೋಗ್ರಾಂ ಓದಬಲ್ಲ ಜೇಸನ್ ರೂಪದಲ್ಲಿ ಕೊಡುತ್ತದೆ. ಅದನ್ನು ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಟೂಲ್) ಹತ್ತು ನಿಮಿಷಕ್ಕೊಮ್ಮೆ ಫೈಲಿಗೆ ಬರೆಸುತ್ತೇನೆ. ಕಾರ್ಖಾನೆಯ ಧೂಳು ಹೀಟ್‌ಸಿಂಕ್‌ನಲ್ಲಿ ತುಂಬುವುದು ಒಂದು ದಿನದ ಓದಿನಲ್ಲಿ ಕಾಣುವುದಿಲ್ಲ. ಅದೇ ಕೆಲಸಕ್ಕೆ ವಾರದಿಂದ ವಾರಕ್ಕೆ ಬಿಸಿ ಮೆಲ್ಲಗೆ ಏರುವುದು ಫೈಲಿನಲ್ಲಿ ಕಾಣುತ್ತದೆ. ಜೊತೆಗೆ ಇಂಟೆಲ್ ಪ್ರೊಸೆಸರ್ ಆದರೆ, ಸಿಸ್ ಫೈಲ್‌ಸಿಸ್ಟಮ್‌ನಲ್ಲಿ (ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ತನ್ನ ಲೆಕ್ಕ ತೋರಿಸುವ ಜಾಗ) 'ಕೋರ್ ಥ್ರಾಟಲ್ ಕೌಂಟ್' ಅಂತ ಒಂದು ಫೈಲ್ ಇದೆ. ಬಿಸಿ ತಾಳದೆ ಪ್ರೊಸೆಸರ್ ಎಷ್ಟು ಸಲ ವೇಗ ಇಳಿಸಿತು ಅಂತ ಬೂಟ್ ಆದಾಗಿನಿಂದ ಎಣಿಸಿಟ್ಟಿರುತ್ತದೆ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ.

ಡಿಸ್ಕ್: ಸ್ಮಾರ್ಟ್‌ಸಿಟಿಎಲ್ ಒಂದೇ, ಬಳಸುವ ರೀತಿ ಹಲವು

ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಳ್ಳುವ ವ್ಯವಸ್ಥೆಗೆ ಸ್ಮಾರ್ಟ್ ಅಂತ ಹೆಸರು. ಅದನ್ನು ಓದಲು ಸ್ಮಾರ್ಟ್‌ಸಿಟಿಎಲ್ ಬಿಟ್ಟರೆ ಬೇರೆ ಗತಿ ಇಲ್ಲ. ಆದರೆ ಹೋಲಿಕೆ ಮಾಡಬೇಕಾದದ್ದು ಅದರ ಒಳಗೇ ಇದೆ.

'-ಎಚ್' (ದೊಡ್ಡಕ್ಷರ) ಹಾಕಿದರೆ ಒಂದೇ ಸಾಲು ಬರುತ್ತದೆ: ಪಾಸ್ಡ್. ಎಸ್‌ಎಸ್‌ಎಲ್‌ಸಿಯಲ್ಲಿ ಮೂವತ್ತೈದು ತೆಗೆದವನೂ ಪಾಸೇ, ಅಲ್ವಾ? ಹಾಗೆ. ಡಿಸ್ಕ್ ತಯಾರಿಸಿದವರು ಇಟ್ಟ ಮಿತಿಯನ್ನು ಯಾವುದಾದರೂ ಅಂಕೆ ದಾಟಿದರೆ ಮಾತ್ರ ಅದು ಫೇಲ್ ಅನ್ನುತ್ತದೆ. ಆ ಮಿತಿ ಬಹಳ ಸಡಿಲ. ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು) ಓದಲು ಬಾರದೆ ಫೈಲುಗಳು ಕೆಟ್ಟಿದ್ದರೂ ಪಾಸ್ಡ್ ಅಂದ ಡಿಸ್ಕ್‌ಗಳನ್ನು ನಾನು ಕೈಯಾರೆ ಬಿಚ್ಚಿ ತೆಗೆದಿದ್ದೇನೆ. ಹುಡುಗ "ಪಾಸ್ಡ್ ಬಂತು ಅಣ್ಣಾ, ಬಿಡ್ಲಾ?" ಅಂದರೆ ಬಿಡಬೇಡ ಅನ್ನುತ್ತೇನೆ.

'-ಎ' ಹಾಕಿದರೆ ಪೂರ್ತಿ ಪಟ್ಟಿ. ನನ್ನ ಕಣ್ಣು ಹೋಗುವುದು ಕೆಲವಕ್ಕೆ ಮಾತ್ರ. 5ನೆಯದು, ಕೆಟ್ಟು ಬೇರೆ ಜಾಗಕ್ಕೆ ಬದಲಾದ ಸೆಕ್ಟರ್‌ಗಳು. 197, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. 198, ಸರಿಪಡಿಸಲಾಗದವು. 187, ಸರಿಪಡಿಸಲಾಗದೆ ಕಂಪ್ಯೂಟರ್‌ಗೆ ವರದಿ ಮಾಡಿದ ತಪ್ಪುಗಳು. ಈ ನಾಲ್ಕರಲ್ಲಿ ಯಾವುದೂ ಸೊನ್ನೆಯಿಂದ ಏಳಬಾರದು, ಎದ್ದು ಏರುತ್ತಾ ಹೋಗಲಂತೂ ಬಾರದು. 199 ಮಾತ್ರ ಬೇರೆ ಜಾತಿ. ಅದು ಸಿಆರ್‌ಸಿ ತಪ್ಪು, ಅಂದರೆ ದಾರಿಯಲ್ಲಿ ಡೇಟಾ ಕೆಟ್ಟದ್ದು, ಹೆಚ್ಚಾಗಿ ಕೇಬಲ್ಲಿನದ್ದು. ವಸಾಯಿಯಲ್ಲಿ 199 ಏರುತ್ತಿತ್ತು. ಸಾಟಾ ಕೇಬಲ್ ಬದಲಿಸಿದೆವು, ನಿಂತಿತು. ಅಂಕೆ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. ಇದು ಗೊತ್ತಿಲ್ಲದೆ ಒಳ್ಳೇ ಡಿಸ್ಕ್ ಎಸೆಯುವವರು ಕಮ್ಮಿಯೇನಲ್ಲ. ಹಾಗೆಯೇ ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ರ ಮುಂದೆ ಕೋಟಿಗಟ್ಟಲೆ ಅಂಕೆ ಕಂಡು ಹೆದರಬೇಡಿ. ಅಲ್ಲಿ ತಪ್ಪುಗಳ ಎಣಿಕೆಯ ಜೊತೆ ಒಟ್ಟು ಕೆಲಸದ ಎಣಿಕೆಯೂ ಒಂದೇ ಅಂಕೆಯಲ್ಲಿ ಸೇರಿಕೊಂಡಿರುತ್ತದೆ.

ಈಗ ಒಂದು ತೊಡಕು. 197 ಮಂಗಳವಾರ 8 ಇದ್ದು ಶುಕ್ರವಾರ 0 ಆಗಬಹುದು. ಆ ಸೆಕ್ಟರ್ ಮೇಲೆ ಹೊಸದಾಗಿ ಬರೆದಾಗ ಡಿಸ್ಕ್ ಅದನ್ನು ಒಪ್ಪಿಕೊಂಡರೆ ಎಣಿಕೆ ಇಳಿಯುತ್ತದೆ. ಶುಕ್ರವಾರ ಮಾತ್ರ ನೋಡಿದವನಿಗೆ ಏನೂ ಆಗಿಲ್ಲ ಅನಿಸುತ್ತದೆ. ಅದಕ್ಕೇ ಕೈಯಿಂದ ಕಮಾಂಡ್ ಹೊಡೆಯುವುದಕ್ಕಿಂತ ಸ್ಮಾರ್ಟ್‌ಡಿ ಮೇಲು. ಅದೇ ಪ್ಯಾಕೇಜಿನಲ್ಲಿ ಬರುತ್ತದೆ. ಮಾಮೂಲಾಗಿ 30 ನಿಮಿಷಕ್ಕೊಮ್ಮೆ ನೋಡಿ, ಅಂಕೆ ಬದಲಾದರೆ ಲಾಗ್‌ಗೆ ಬರೆಯುತ್ತದೆ, ಹೇಳಿದರೆ ಮೇಲ್ ಕಳಿಸುತ್ತದೆ.

ಸ್ವಯಂ ಪರೀಕ್ಷೆಯಲ್ಲೂ ಇದೇ ಕಥೆ. ಶಾರ್ಟ್ ಟೆಸ್ಟ್ ಒಂದೆರಡು ನಿಮಿಷದ್ದು, ಡಿಸ್ಕಿನ ಸ್ವಲ್ಪ ಭಾಗ ಮಾತ್ರ ಓದುತ್ತದೆ. ಲಾಂಗ್ ಟೆಸ್ಟ್ ಇಡೀ ಡಿಸ್ಕ್ ಓದುತ್ತದೆ. 4 ಟಿಬಿ ಹಾರ್ಡ್ ಡಿಸ್ಕ್‌ಗೆ ಏಳೆಂಟು ಗಂಟೆ ಹಿಡಿಯುತ್ತದೆ. ನನಗೆ ಉಪಯೋಗಕ್ಕೆ ಬಂದದ್ದು ಲಾಂಗ್ ಮಾತ್ರ. ವಾರಕ್ಕೊಮ್ಮೆ ರಾತ್ರಿ ಓಡುವಂತೆ ಸ್ಮಾರ್ಟ್‌ಡಿಗೆ ಹೇಳಿಟ್ಟರೆ, ಕಳೆದ 21 ಪರೀಕ್ಷೆಗಳ ಫಲಿತಾಂಶವನ್ನು ಡಿಸ್ಕೇ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಎಷ್ಟನೇ ಗಂಟೆಯ ಬದುಕಿನಲ್ಲಿ, ಯಾವ ಸೆಕ್ಟರಿನಲ್ಲಿ ಮೊದಲು ಎಡವಿತು ಎನ್ನುವುದೂ ಅಲ್ಲೇ ಇರುತ್ತದೆ. ಬೇರೆ ಮಷಿನ್‌ಗೆ ಹಾಕಿದರೂ ಆ ಚರಿತ್ರೆ ಜೊತೆಗೇ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವಾಗ ನಾನು ಮೊದಲು ಕೇಳುವುದೇ ಇದನ್ನು.

ಹಾಗಂತ ಸ್ಮಾರ್ಟ್ ಎಲ್ಲವನ್ನೂ ಮೊದಲೇ ಹೇಳುತ್ತದೆ ಅಂದುಕೊಳ್ಳಬೇಡಿ. ಗೂಗಲ್‌ನವರು 2007ರಲ್ಲಿ ತಮ್ಮ ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಕೆಟ್ಟ ಡಿಸ್ಕ್‌ಗಳಲ್ಲಿ ಶೇಕಡಾ 56ಕ್ಕಿಂತ ಜಾಸ್ತಿಯವುಗಳಲ್ಲಿ, ಮುಖ್ಯ ಅನ್ನುವ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದೂ ಎದ್ದಿರಲಿಲ್ಲ. ಅರ್ಧಕ್ಕೂ ಹೆಚ್ಚು ಡಿಸ್ಕ್‌ಗಳು ಈ ಸೂಚನೆಗಳಿಲ್ಲದೆ ಹೋದವು. ಬ್ಯಾಕಪ್‌ಗೆ ಬದಲಿಯಾಗಿ ಸ್ಮಾರ್ಟ್‌ಡಿ ತೋರಿಸುವ ಗಿರಾಕಿಗೆ ನಾನು ಈ ಅಂಕೆ ಹೇಳುತ್ತೇನೆ.

ರೇಡ್ ಕಾರ್ಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ತೋರಿಸುವ ಕಾರ್ಡ್) ಇದ್ದರೆ ಆಟ ಬದಲಾಗುತ್ತದೆ. ಲಿನಕ್ಸ್‌ಗೆ ಕಾಣುವ ಡಿಸ್ಕ್ ಕಾರ್ಡ್ ಕಟ್ಟಿಕೊಟ್ಟ ವೇಷ, ನಿಜವಾದ ಡಿಸ್ಕ್‌ಗಳು ಹಿಂದೆ ಅಡಗಿವೆ. ಸ್ಮಾರ್ಟ್‌ಸಿಟಿಎಲ್‌ಗೆ 'ಮೆಗಾರೇಡ್' ಮತ್ತು ಒಂದು ಸಂಖ್ಯೆ ಕೊಟ್ಟರೆ ಒಳಗೆ ನುಗ್ಗುತ್ತದೆ. ಆದರೆ ಆ ಸಂಖ್ಯೆ ಡಿವೈಸ್ ಐಡಿ. ಮುಂದೆ ಟ್ರೇ ಮೇಲೆ ಬರೆದ ಸ್ಲಾಟ್ ನಂಬರ್ ಬೇರೆ ಇರಬಹುದು. ಈ ವ್ಯತ್ಯಾಸದಲ್ಲಿ ಸತ್ತ ಡಿಸ್ಕ್ ಬಿಟ್ಟು ಬದುಕಿರುವುದನ್ನು ಎಳೆದರೆ ಇಡೀ ರೇಡ್ ಮಲಗುತ್ತದೆ. ಇಲ್ಲಿ ಕಾರ್ಡಿನದೇ ಟೂಲ್ ಆದ ಸ್ಟೋರ್‌ಸಿಎಲ್‌ಐ ಗೆದ್ದಿತು. ಅದರ ಕಮಾಂಡ್‌ಗಳು ನೋಡಲು ಕುರೂಪ, ಪ್ಯಾಕೇಜ್ ಸಿಗುವುದೂ ತಯಾರಕರ ಕಡೆಯಿಂದ. ಆದರೂ ಒಂದೇ ಪಟ್ಟಿಯಲ್ಲಿ ಡಿವೈಸ್ ಐಡಿ, ಸ್ಲಾಟ್ ಎರಡನ್ನೂ ಅಕ್ಕಪಕ್ಕ ಕೊಡುತ್ತದೆ. ಮೀಡಿಯಾ ಎರರ್ ಎಣಿಕೆ ಕೊಡುತ್ತದೆ. 'ಸ್ಟಾರ್ಟ್ ಲೊಕೇಟ್' ಅಂದರೆ ಆ ಟ್ರೇಯ ದೀಪ ಮಿನುಗಿಸುತ್ತದೆ. ಐರೋಲಿಯಲ್ಲಿ ಡೇಟಾ ಸೆಂಟರಿನ ಹುಡುಗನಿಗೆ ಫೋನಿನಲ್ಲಿ "ದೀಪ ಮಿನುಗ್ತಾ ಇದೆಯಲ್ಲ, ಅದೇ ಎಳಿ" ಅಂದರೆ ಮುಗಿಯಿತು.

ಕಾರ್ಡಿನ ಬ್ಯಾಟರಿ ಸ್ಥಿತಿಯನ್ನೂ ಸ್ಟೋರ್‌ಸಿಎಲ್‌ಐಯಲ್ಲೇ ನೋಡಬೇಕು. ಬ್ಯಾಟರಿ ಸತ್ತರೆ ಕಾರ್ಡ್ ಸಾಮಾನ್ಯವಾಗಿ ರೈಟ್-ಬ್ಯಾಕ್ (ಕಾರ್ಡಿನ ಮೆಮೊರಿಗೆ ಬರೆದೊಡನೆ ಮುಗಿಯಿತು ಅನ್ನುವುದು) ಬಿಟ್ಟು ರೈಟ್-ಥ್ರೂಗೆ (ಡಿಸ್ಕಿಗೇ ಬರೆಯುವವರೆಗೆ ಕಾಯುವುದು) ಇಳಿಯುತ್ತದೆ. ಡಿಸ್ಕ್ ಎಲ್ಲ ಸರಿ, ಬಿಸಿ ಸರಿ, ಮೆಮೊರಿ ಸರಿ, ಆದರೂ "ಎಂಟ್ರಿ ಸೇವ್ ಆಗೋದು ನಿಧಾನ" ಅಂತ ಫೋನ್ ಬರುತ್ತದೆ.

ಕಾರ್ಡ್ ಇಲ್ಲದೆ ಲಿನಕ್ಸ್‌ನದೇ ರೇಡ್ ಇದ್ದರೆ ಎಂಡಿಸ್ಟ್ಯಾಟ್ ಫೈಲಿನಲ್ಲಿ ಎರಡು 'ಯು' ಇರಬೇಕಾದ ಕಡೆ ಒಂದು ಅಡಿಗೆರೆ ಕಂಡರೆ ಒಂದು ಡಿಸ್ಕ್ ಹೊರಗಿದೆ ಅಂತ ಅರ್ಥ. ಇಷ್ಟು ಚಿಕ್ಕದಾಗಿ ಇಷ್ಟು ಸ್ಪಷ್ಟ ಉತ್ತರ ಬೇರೆ ಯಾವ ಟೂಲ್ ಕೊಡುವುದಿಲ್ಲ.

ಎನ್‌ವಿಎಂಇ ಡ್ರೈವ್‌ಗೆ (ವೇಗದ ಎಸ್‌ಎಸ್‌ಡಿ) 'ಎನ್‌ವಿಎಂಇ ಸ್ಮಾರ್ಟ್-ಲಾಗ್' ಸಾಕು. ಕ್ರಿಟಿಕಲ್ ವಾರ್ನಿಂಗ್ ಸೊನ್ನೆ ಇರಬೇಕು, ಮೀಡಿಯಾ ಎರರ್ ಸೊನ್ನೆ ಇರಬೇಕು. ಪರ್ಸೆಂಟೇಜ್ ಯೂಸ್ಡ್ 100 ದಾಟಿದರೂ ಡ್ರೈವ್ ಆ ಕ್ಷಣಕ್ಕೇ ಸಾಯುವುದಿಲ್ಲ, ತಯಾರಕರು ಅಂದಾಜಿಸಿದ ಆಯುಷ್ಯ ಮುಗಿಯಿತು ಅಂತ ಅಷ್ಟೇ. ಅನ್‌ಸೇಫ್ ಶಟ್‌ಡೌನ್ ಎಣಿಕೆಯನ್ನು ನಾನು ಯುಪಿಎಸ್ ಪರೀಕ್ಷೆಗೆ ಬಳಸುತ್ತೇನೆ. ವಸಾಯಿಯಲ್ಲಿ ಮಳೆಗಾಲದಲ್ಲಿ ಅದು ಏರಿತು ಅಂದರೆ ಯುಪಿಎಸ್ ಬ್ಯಾಟರಿಯ ಕಡೆ ಕೈ ತೋರಿಸಬಹುದು.

ಮೆಮೊರಿ: ಎಂಸಿಇಲಾಗ್, ರಾಸ್‌ಡೀಮನ್, ಎಸ್‌ಇಎಲ್

ಇಲ್ಲಿ ಮೊದಲು ಇಸಿಸಿ, ಅಂದರೆ ತಪ್ಪನ್ನು ತಾನೇ ಹಿಡಿದು ಸರಿಮಾಡುವ ಮೆಮೊರಿ ಇರಬೇಕು. ವಸಾಯಿಯ ಬೋರ್ಡಿನಲ್ಲಿ ಇಲ್ಲ. ಅಲ್ಲಿ ಈ ಮೂರೂ ಬಾಯಿ ಬಿಡುವುದಿಲ್ಲ, ಮೆಮ್‌ಟೆಸ್ಟ್86+ ಹಾಕಿ ರಾತ್ರಿಯಿಡೀ ಬಿಡುವುದೊಂದೇ ದಾರಿ.

ಮೆಮೊರಿ ತಪ್ಪು ಅಪರೂಪ ಅಂದುಕೊಂಡವರು ಜಾಸ್ತಿ. ಗೂಗಲ್‌ನ ಮಷಿನ್‌ಗಳ ಮೇಲೆ 2009ರಲ್ಲಿ ಬಂದ ಅಧ್ಯಯನದಲ್ಲಿ, ವರ್ಷಕ್ಕೆ ಸುಮಾರು ಮೂರರಲ್ಲಿ ಒಂದು ಮಷಿನ್‌ನಲ್ಲಿ, ಶೇಕಡಾ 8ಕ್ಕಿಂತ ಹೆಚ್ಚು ಡಿಮ್‌ಗಳಲ್ಲಿ (ಸ್ಲಾಟಿಗೆ ಹಾಕುವ ಮೆಮೊರಿ ಪಟ್ಟಿಗಳಲ್ಲಿ), ಒಂದಾದರೂ ಸರಿಪಡಿಸಬಲ್ಲ ತಪ್ಪು ಕಂಡಿತ್ತು. ಇಸಿಸಿ ಅದನ್ನು ಸದ್ದಿಲ್ಲದೆ ಸರಿಮಾಡುತ್ತದೆ. ಆ ಸದ್ದನ್ನು ನಾವೇ ಹೋಗಿ ಕೇಳಬೇಕು.

ಪ್ರೊಸೆಸರ್ ಹೇಳುವ ತಪ್ಪುಗಳನ್ನು ಬರೆದಿಡುವ ಎಂಸಿಇಲಾಗ್ ಹಳೆಯದು. ಅದು ನಂಬಿದ್ದ ಕರ್ನಲ್ ದಾರಿಯೇ ಈಗ ಹಳತಾಗಿದೆ, ಹೊಸ ಎಎಂಡಿ ಪ್ರೊಸೆಸರ್‌ಗಳಿಗೆ ಅದು ಆಗುವುದೂ ಇಲ್ಲ. ಹಳೇ ಬರಹ ನೋಡಿ ಅದನ್ನು ಹಾಕಲು ಹೋಗಬೇಡಿ.

ರಾಸ್‌ಡೀಮನ್ ನನಗೆ ಇಷ್ಟ. ಕರ್ನಲ್ ಹೇಳುವ ಪ್ರತಿ ತಪ್ಪನ್ನೂ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಬರೆದಿಡುತ್ತದೆ. ರೀಬೂಟ್ ಆದರೂ ಉಳಿಯುತ್ತದೆ. 'ರಾಸ್-ಎಂಸಿ-ಸಿಟಿಎಲ್ --ಸಮರಿ' ಅಂದರೆ ಒಟ್ಟು ಲೆಕ್ಕ, '--ಎರರ್ಸ್' ಅಂದರೆ ಒಂದೊಂದರ ವಿವರ. ಸಿಸ್‌ನಲ್ಲಿರುವ ಎಣಿಕೆ ಫೈಲುಗಳು ರೀಬೂಟ್ ಆದೊಡನೆ ಸೊನ್ನೆಗೆ ಹೋಗುತ್ತವೆ, ಹಾಗಾಗಿ ಅವನ್ನು ಮಾತ್ರ ನಂಬಿದರೆ ಸಾಲದು.

ಅದರ ದೊಡ್ಡ ಕೊರತೆ ಡಿಮ್ ಹೆಸರು. ಬೋರ್ಡಿನ ಲೇಬಲ್ ಪಟ್ಟಿ ಇಲ್ಲದಿದ್ದರೆ 'ಚಾನೆಲ್ 1 ಸ್ಲಾಟ್ 0' ಅನ್ನುತ್ತದೆ. ಬೋರ್ಡ್ ಮೇಲೆ ಬರೆದಿರುವುದು 'ಎ2' ಅಂತಲೋ 'ಬಿ1' ಅಂತಲೋ. ಎಸ್‌ಇಎಲ್‌ನಲ್ಲಿ ಸಾಮಾನ್ಯವಾಗಿ ಬೋರ್ಡಿನ ಹೆಸರೇ ಬರುತ್ತದೆ. ಬಿಚ್ಚುವವನಿಗೆ ಅದೇ ಬೇಕು. ಆದರೆ ಎಷ್ಟೋ ಬ್ರಾಂಡೆಡ್ ಸರ್ವರ್‌ಗಳಲ್ಲಿ ತಪ್ಪು ಒಂದು ಮಿತಿ ದಾಟಿದ ಮೇಲೆ ಮಾತ್ರ ಎಸ್‌ಇಎಲ್‌ಗೆ ಬರೆಯುತ್ತಾರೆ. ಇನ್ನು ಕೆಲವದರಲ್ಲಿ ಫರ್ಮ್‌ವೇರೇ (ಬೋರ್ಡಿನೊಳಗಿನ ಪ್ರೋಗ್ರಾಂ) ಮೊದಲು ತಪ್ಪನ್ನು ಹಿಡಿದುಕೊಂಡು ಲಿನಕ್ಸ್‌ಗೆ ಹೇಳುವುದೇ ಇಲ್ಲ. ಫೋರ್ಟ್‌ನಲ್ಲಿ ಹಾಗೇ ಆಯಿತು. ರಾಸ್‌ಡೀಮನ್ ಖಾಲಿ, ಎಸ್‌ಇಎಲ್‌ನಲ್ಲಿ ಸ್ಲಾಟಿನ ಹೆಸರು ಸಮೇತ ಸಾಲು. ಐರೋಲಿಯಲ್ಲಿ ತದ್ವಿರುದ್ಧ. ಹಾಗಾಗಿ ಮೆಮೊರಿಗೆ ಒಂದನ್ನೇ ಆರಿಸಿ ಅಂದರೆ ನಾನು ಆರಿಸುವುದಿಲ್ಲ. ಎರಡೂ ಹಾಕುತ್ತೇನೆ.

ಹೆಸರು ಸಿಕ್ಕ ತಕ್ಷಣ ಹೊಸ ಡಿಮ್ ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ, ಕಾಂಟ್ಯಾಕ್ಟ್ ಒರೆಸಿ, ಬೇರೆ ಸ್ಲಾಟಿಗೆ ಹಾಕಿ ನೋಡಿ. ಸಮುದ್ರದ ಪಕ್ಕದ ಊರು ಇದು, ತೇವ ಎಲ್ಲ ಕಡೆ ನುಗ್ಗುತ್ತದೆ. ತಪ್ಪು ಡಿಮ್ ಜೊತೆ ಹೋಯಿತಾದರೆ ಡಿಮ್‌ನದ್ದು, ಹಳೇ ಸ್ಲಾಟಿನಲ್ಲೇ ಉಳಿಯಿತಾದರೆ ಬೋರ್ಡಿನದ್ದು.

ಉಳಿದವು

ನೆಟ್‌ವರ್ಕ್‌ಗೆ 'ಎಥ್‌ಟೂಲ್ -ಎಸ್' (ದೊಡ್ಡಕ್ಷರ). ಸಿಆರ್‌ಸಿ ಎಣಿಕೆ ಏರುತ್ತಿದ್ದರೆ ಕೇಬಲ್ ಅಥವಾ ಪೋರ್ಟ್. ಫೈಬರ್ ಇದ್ದರೆ '-ಎಂ' ಹಾಕಿ, ಮಾಡ್ಯೂಲ್‌ಗೆ ಬರುತ್ತಿರುವ ಬೆಳಕಿನ ಬಲ ನೋಡಬಹುದು. ಕರ್ನಲ್ ಲಾಗಿನ ತಪ್ಪುಗಳನ್ನು ತೋರಿಸುವ 'ಜರ್ನಲ್‌ಸಿಟಿಎಲ್ -ಕೆ -ಪಿ ಎರ್' ಹೆಚ್ಚಿನ ಕಡೆ ಇದೆ, ಯಾವುದನ್ನೂ ಇಳಿಸಬೇಕಿಲ್ಲ. ಹೊಸ ಜಾಗಕ್ಕೆ ಹೋದರೆ ನನ್ನ ಮೊದಲ ಕಮಾಂಡ್ ಅದೇ. ಲಾಗ್ ಡಿಸ್ಕ್‌ನಲ್ಲಿ ಉಳಿಯುವಂತೆ ಜರ್ನಲ್ ಹೊಂದಿಸಿದೆಯಾ ಅಂತ ಮಾತ್ರ ನೋಡಿಕೊಳ್ಳಿ, ಇಲ್ಲವಾದರೆ ರೀಬೂಟ್‌ಗೆ ಎಲ್ಲ ಅಳಿಸಿಹೋಗುತ್ತದೆ. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ವರ್ಚುವಲ್ ಮಷಿನ್‌ನಲ್ಲಿ ಈ ಹಾರ್ಡ್‌ವೇರ್ ಟೂಲ್‌ಗಳನ್ನು ಓಡಿಸಿ ಪ್ರಯೋಜನವಿಲ್ಲ, ಅಲ್ಲಿ ಹಾರ್ಡ್‌ವೇರ್ ನಮ್ಮದಲ್ಲ.

ಎಲ್‌ಎಸ್‌ಎಚ್‌ಡಬ್ಲ್ಯು, ಇನ್ಕ್ಸಿ, ಡಿಎಂಐ-ಡಿಕೋಡ್ ಇವನ್ನೂ ಆರೋಗ್ಯದ ಟೂಲ್‌ಗಳ ಪಟ್ಟಿಗೆ ಸೇರಿಸುವವರಿದ್ದಾರೆ. ನಾನು ಸೇರಿಸುವುದಿಲ್ಲ. ಇನ್ಕ್ಸಿ ಬಿಸಿ ತೋರಿಸಿದರೂ ಅದು ಸೆನ್ಸರ್ಸ್‌ನಿಂದ ಎರವಲು ತಂದದ್ದು. ಇವು ಮುಖ್ಯವಾಗಿ ಏನೇನು ಇದೆ ಅಂತ ಹೇಳುತ್ತವೆ, ಹೇಗಿದೆ ಅಂತ ಅಲ್ಲ. ಆದರೂ ಡಿಎಂಐ-ಡಿಕೋಡ್ ಇಲ್ಲದೆ ನನ್ನ ಕೆಲಸ ಪೂರ್ತಿಯಾಗುವುದಿಲ್ಲ. ಕೆಟ್ಟ ಡಿಮ್ ಯಾವುದು ಅಂತ ಗೊತ್ತಾದ ಮೇಲೆ '-ಟಿ ಮೆಮೊರಿ' ಹಾಕಿ, ಆ ಸ್ಲಾಟಿನ ಪಾರ್ಟ್ ನಂಬರ್ ಎತ್ತಿಕೊಂಡು ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗೆ ವಾಟ್ಸ್ಯಾಪ್ ಮಾಡುತ್ತೇನೆ. 'ಟೈಪ್ ಡೀಟೇಲ್' ಸಾಲನ್ನೂ ಜೊತೆಗೆ ಕಳಿಸಿ. ರಿಜಿಸ್ಟರ್ಡ್ ಇರುವ ಕಡೆ ಅನ್‌ಬಫರ್ಡ್ ಬಂದರೆ ಎರಡೂ ಒಟ್ಟಿಗೆ ಓಡುವುದಿಲ್ಲ, ಬದಲಿಸಲು ಮತ್ತೆ ಗ್ರಾಂಟ್ ರೋಡ್‌ನಲ್ಲಿ ಇಳಿಯಬೇಕಾಗುತ್ತದೆ.